ಮೂರು ಗಂಟೆಯ ಆಟಕ್ಕೆ ಒಬ್ಬ ಆಪರೇಟರ್

ನನ್ನ ಭಾವ, ಅಂದರೆ ಅಕ್ಕನ ಗಂಡ, ಇಪ್ಪತ್ತೆಂಟು ವರ್ಷ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಸಿನಿಮಾಕ್ಕೆ ಹೋದವರಿಗೆ ಪರದೆ ಕಾಣುತ್ತದೆ, ಪರದೆಯ ಮೇಲೆ ಕುಣಿಯುವವರು ಕಾಣುತ್ತಾರೆ. ಬೆನ್ನ ಹಿಂದಿನ ಗೋಡೆಯಾಚೆ, ಸಣ್ಣ ಕಿಂಡಿಯ ಪಕ್ಕ, ಕೆಂಡದಂಥ ದೀಪದ ಬಿಸಿಗೆ ಬನಿಯನ್ನಿನಲ್ಲೇ ನಿಂತು ಬೆವರುವವನೊಬ್ಬ ಇದ್ದಾನೆ ಅನ್ನುವುದು ಫಿಲ್ಮ್ ಹರಿದಾಗ ಮಾತ್ರ ನೆನಪಾಗುತ್ತದೆ, ಅದೂ ಬೈಯುವುದಕ್ಕೆ. ಭಾವ ಹಾಗೆ ಬೈಸಿಕೊಂಡದ್ದು ಬಹಳ ಕಡಿಮೆ. ಪ್ರತಿ ಹೊಸ ಸಿನಿಮಾ ಬಂದಾಗಲೂ ಜನ ಸೇರುವ ಮೊದಲೇ ರೀಲುಗಳನ್ನೆಲ್ಲ ಕೈಯಲ್ಲಿ ಸುತ್ತಿ, ಅಂಚಿನಲ್ಲಿ ಬೆರಳಾಡಿಸಿ, ಎಲ್ಲಿ ಸೀಳಿದೆ ಎಲ್ಲಿ ಅಂಟು ಬಿಟ್ಟಿದೆ ಎಂದು ನೋಡಿಕೊಳ್ಳುತ್ತಿದ್ದರು. ಕಥೆ ಏನು ಎಂದು ಕೇಳಿದರೆ ಗೊತ್ತಿಲ್ಲ ಅನ್ನುತ್ತಿದ್ದರು. ಏಳನೇ ರೀಲಿನಲ್ಲಿ ಮಳೆ ಬರುತ್ತೆ, ಅಲ್ಲಿ ಸ್ವಲ್ಪ ಕತ್ತಲೆ ಜಾಸ್ತಿ, ಇಷ್ಟೇ ಅವರು ಹೇಳುವ ಕಥೆ.

ನಾನು ಕುಷನ್ ಕೆಲಸದವನು. ಟಾಕೀಸಿನ ಹರಿದ ಸೀಟುಗಳಿಗೆ ರೆಕ್ಸಿನ್ ಹೊಡೆಯಲು ಹೋಗಿ ಅವರ ಪರಿಚಯವಾಯಿತು. ಅಕ್ಕನಿಗೆ ಈ ಗಂಡನ್ನು ನೋಡಿದ್ದು ನಾನೇ. ಅವರ ಹೊಟ್ಟೆಪಾಡಿಗೆ ಕಲ್ಲು ಹಾಕಿದ್ದೂ ನಾನೇ. ಅದನ್ನು ಈಗಲೇ ಹೇಳಿಬಿಡುತ್ತೇನೆ. ರೀಲು ಹೋಗಿ ಕಂಪ್ಯೂಟರ್ ಬಂದ ಮೇಲೆ ಮಾಲೀಕ ಭಾವನನ್ನು ಸ್ವಿಚ್ ಒತ್ತಲು ಇಟ್ಟುಕೊಂಡಿದ್ದ. ಒಂದು ದಿನ ಟಿಕೆಟ್ ಸಾಲಿನ ಮುಂದೆ, ನಾಲ್ಕು ಜನ ಕೇಳುವಂತೆ, ಈ ಕೆಲಸಕ್ಕೆ ಯಾವ ಕೈಯಾದರೂ ಸಾಕು, ನಿನ್ನದೇ ಬೇಕೆಂದೇನಿಲ್ಲ ಅಂದ. ಭಾವ ತಲೆ ತಗ್ಗಿಸಿ ನಿಂತರು. ನಾನು ನಿಲ್ಲಲಿಲ್ಲ. ಕೈಯಲ್ಲಿ ಸೀಟಿನ ಕಬ್ಬಿಣದ ತೋಳಿತ್ತು, ಟಿಕೆಟ್ ಕೌಂಟರಿನ ಗಾಜು ಪುಡಿಪುಡಿಯಾಯಿತು. ಅವತ್ತು ಸಂಜೆಯೇ ಭಾವ ಕೆಲಸ ಕಳೆದುಕೊಂಡು ಮನೆಗೆ ಬಂದರು. ಊರಿನ ಉಳಿದ ಟಾಕೀಸಿನವರೂ, ಅವನ ಹಿಂದೆ ಒಬ್ಬ ರೌಡಿ ಭಾಮೈದ ಇದ್ದಾನೆ ಎಂದು ಬಾಗಿಲು ಹಾಕಿದರು.

ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಆಮೇಲೆ ಆರು ವರ್ಷ ಒಂದು ಗೋದಾಮಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಬರುವ ಲಾರಿಯ ನಂಬರ್ ಬರೆಯುವುದು, ಹೋಗುವ ಲಾರಿಯ ನಂಬರ್ ಬರೆಯುವುದು. ಮನೆಯಲ್ಲಿ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಮೂರು ದಿನ ಒಂದೇ ಅಂಗಿ ಹಾಕಿಕೊಂಡು ಹೋಗುತ್ತಾರೆ ಎಂದು ಅಕ್ಕ ನನ್ನ ಅಂಗಡಿಗೆ ಬಂದು ಕೂತು ಹೇಳುತ್ತಿದ್ದಳು. ನಾನು ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತುತ್ತಿರಲಿಲ್ಲ.

ಹೀಗಿರುವಾಗ ನನ್ನ ಮಗಳು ಒಂದು ಸುದ್ದಿ ತಂದಳು. ಅವಳು ಕೆಲಸ ಮಾಡುವುದು ಮೂಳೆ ಮುರಿದವರನ್ನು ಇಟ್ಟುಕೊಳ್ಳುವ ಒಂದು ಆರೈಕೆ ಮನೆಯಲ್ಲಿ. ಆಪರೇಷನ್ ಆದವರು ಅಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಇವಳು ಅವರನ್ನು ಹಿಡಿದು ನಡೆಸುತ್ತಾಳೆ. ಮಲಗಿ ಮಲಗಿ ಬೇಸತ್ತ ಆ ಜನಕ್ಕೆ ಮಧ್ಯಾಹ್ನ ಒಂದು ಸಿನಿಮಾ ತೋರಿಸಬೇಕೆಂದು ಅಲ್ಲಿನವರಿಗೆ ಆಸೆ. ದೊಡ್ಡ ಟಿವಿ ತೂಗುಹಾಕಿದ್ದಾರೆ, ಆದರೆ ಆ ಕಟ್ಟಡದಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀರೋ ಬಾಯಿ ತೆರೆದರೆ ತೆರೆದೇ ಇರುತ್ತಾನೆ. ಯಾರೋ ದಾನ ಕೊಟ್ಟ ಡಿಸ್ಕುಗಳು ಎರಡು ಬೀರು ತುಂಬ ಇವೆ, ಹಾಕಲು ಯಂತ್ರವಿಲ್ಲ. ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು.

ಮಗಳ ಹತ್ತಿರ ಟಿವಿಗೆ ಕಟ್ಟಿ ಆಟವಾಡುವ ಹಳೆಯ ಗೇಮ್ ಕನ್ಸೋಲ್ ಇತ್ತು. ಕಾಲೇಜು ದಿನಗಳಲ್ಲಿ ಅದರಲ್ಲಿ ಕಾರು ಓಡಿಸಿ ಓಡಿಸಿ ಬಿಟ್ಟಿದ್ದಳು. ಅದು ಡಿಸ್ಕ್ ಹಾಕಿದರೂ ಸಿನಿಮಾ ತೋರಿಸುತ್ತದೆ, ಪೆನ್ ಡ್ರೈವ್ ಚುಚ್ಚಿದರೂ ತೋರಿಸುತ್ತದೆ, ನೆಟ್ ಬೇಕಿಲ್ಲ ಎಂದಳು. ಭಾವ ಕಲಿಯಲಿ ಎಂದು ಅದನ್ನು ಅಕ್ಕನ ಮನೆಯ ಟಿವಿಗೆ ಕಟ್ಟಿ, ಆರೈಕೆ ಮನೆಯ ಡಿಸ್ಕುಗಳನ್ನೂ ತಂದುಕೊಟ್ಟಳು.

ಮೊದಲ ದಿನ ಭಾವ ಅದನ್ನು ಮುಟ್ಟಲಿಲ್ಲ. ಎರಡನೇ ದಿನ ಕಂಟ್ರೋಲರ್ ಹಿಡಿದು, ಇದೇನಮ್ಮ, ಸಿನಿಮಾ ಹಾಕಲು ಎರಡೂ ಕೈ ಬೇಕಾ ಎಂದು ಮಗಳನ್ನು ಕೇಳಿದರು. ಮೂರನೇ ದಿನದಿಂದ ನೋಟ್‌ಬುಕ್ ತೆರೆದರು. ಯಾವ ಡಿಸ್ಕಿನಲ್ಲಿ ಎಷ್ಟನೇ ನಿಮಿಷಕ್ಕೆ ಗೀರು ಬರುತ್ತದೆ, ಪೆನ್ ಡ್ರೈವಿನ ಯಾವ ಸಿನಿಮಾಕ್ಕೆ ಚಿತ್ರ ಬಂದು ಸದ್ದು ಬರುವುದಿಲ್ಲ, ಎಲ್ಲ ಬರೆದರು. ಡಿಸ್ಕನ್ನು ಸುತ್ತ ಉಜ್ಜಬಾರದು, ನಡುವಿನಿಂದ ಅಂಚಿಗೆ ನೇರ ಒರೆಸಬೇಕು ಎಂದು ಅಕ್ಕನಿಗೂ ಕಲಿಸಿದರು. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಕಂಟ್ರೋಲರ್ ತಾನಾಗಿ ಆರಿಹೋಗುತ್ತಿತ್ತು, ಪರದೆ ಮಂಕಾಗುತ್ತಿತ್ತು. ಮಗಳನ್ನು ಕೂರಿಸಿಕೊಂಡು ಅದನ್ನೂ ತಪ್ಪಿಸಿದರು. ಅಕ್ಕ ಅಂಗಡಿಗೆ ಬಂದಾಗ, ಅಂಗಿ ಇಸ್ತ್ರಿ ಮಾಡಿಸಿಕೊಂಡರು ಕಣೋ ಎಂದು ಅಷ್ಟೇ ಹೇಳಿ ಹೋದಳು.

ಆರೈಕೆ ಮನೆಯ ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಒಂದು ದಿನ ಯಂತ್ರ ತರಿಸಿ ನೋಡಿದಳು. ಚಿತ್ರ ಚೆನ್ನಾಗಿ ಬಂತು. ಆದರೆ ಅರ್ಧ ಗಂಟೆ ಆಗುತ್ತಿದ್ದಂತೆ ಕನ್ಸೋಲಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯತೊಡಗಿತು. ಗೋಡೆಯಾಚೆ ಹೊಸದಾಗಿ ಆಪರೇಷನ್ ಆದವರು ಮಲಗಿರುತ್ತಾರೆ, ಟಿವಿಯ ಸದ್ದು ಏರಿಸುವ ಹಾಗಿಲ್ಲ. ಇಳಿಸಿದರೆ ಮಾತಿನ ಬದಲು ಈ ಫ್ಯಾನೇ ಕೇಳುತ್ತದೆ. ಗುರುವಾರ ಮೂರು ಗಂಟೆಗೆ ಎಲ್ಲರನ್ನೂ ಕೂರಿಸಿ ಒಂದು ಪೂರ್ತಿ ಸಿನಿಮಾ ತೋರಿಸಿ, ಐದೂವರೆಗೆ ಮಾತ್ರೆ ಕೊಡುವ ಹೊತ್ತಿಗೆ ಎಲ್ಲ ಮುಗಿದಿರಬೇಕು, ಈ ಸದ್ದು ಇರಬಾರದು, ಆಮೇಲೆ ಕೆಲಸದ ಮಾತು ಎಂದಳು. ಅದಾದ ಮೇಲೆ ಇನ್ನೊಂದು ಸಲ ನೋಡುವುದಿಲ್ಲ ಅಂತಲೂ ಅಂದಳು.

ಆ ಸಂಜೆ ಅಕ್ಕ ನನ್ನನ್ನು ಹೊರಗೆ ಕರೆದಳು.

"ಇದೊಂದು ಕೈತಪ್ಪಿದ್ರೆ ಆ ಮನುಷ್ಯ ಮತ್ತೆ ಏಳಲ್ಲ. ನಿನ್ನಿಂದ ಏನಾಗುತ್ತೋ ನೋಡು. ಏನೂ ಆಗದಿದ್ರೆ ದೂರ ಇರು."

ದೂರ ಇರು ಅಂದದ್ದು ನನಗೆ ಚುಚ್ಚಿತು. ಸದ್ದು ಮುಚ್ಚುವುದು ನನ್ನ ಕಸುಬು. ಎಷ್ಟು ಕಾರುಗಳ ಬಾಗಿಲೊಳಗೆ ಫೋಮ್ ತುಂಬಿ ಗಡಗಡ ನಿಲ್ಲಿಸಿಲ್ಲ ನಾನು. ಅಂಗಡಿ ಮುಚ್ಚಿ ಎರಡು ದಿನ ಕೂತು ಕನ್ಸೋಲಿಗೆ ಒಂದು ಗೂಡು ಮಾಡಿದೆ. ಹೊರಗೆ ಪ್ಲೈವುಡ್, ಒಳಗೆ ಎರಡು ಇಂಚಿನ ಫೋಮ್, ಮೇಲೆ ಕಂದು ರೆಕ್ಸಿನ್, ಅಂಚಿಗೆ ಹಿತ್ತಾಳೆ ಮೊಳೆ. ಎದುರಿಗೆ ಸಣ್ಣ ಬಾಗಿಲು, ಹಿಂದೆ ವೈರು ಹೋಗಲು ಎರಡು ಬೆರಳಿನಷ್ಟು ತೂತು. ಬಾಗಿಲು ಹಾಕಿದರೆ ಒಳಗೆ ಯಂತ್ರ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಂಥ ಕೆಲಸ ನಾನು ಮದುವೆ ಸೋಫಾಗಳಿಗೂ ಮಾಡಿಲ್ಲ.

ಬುಧವಾರ ಅಕ್ಕನ ಮನೆಗೆ ಒಯ್ದಿಟ್ಟೆ. ಭಾವ ಮೊಣಕಾಲೂರಿ ಅದರ ಸುತ್ತ ಕೈಯಾಡಿಸಿದರು. ಹಿಂದಿನ ತೂತಿನ ಹತ್ತಿರ ಅಂಗೈ ನಿಲ್ಲಿಸಿ, ಒಳಗಿನ ಗಾಳಿ ಎಲ್ಲಿಂದ ಹೋಗುತ್ತೆ ಎಂದು ಮೆಲ್ಲಗೆ ಕೇಳಿದರು.

ನನ್ನ ತಲೆ ಕೆಟ್ಟಿತು. ಎರಡು ದಿನ ಅಂಗಡಿ ಮುಚ್ಚಿ ಕೂತವನಿಗೆ ಗಾಳಿಯ ಪಾಠ ಹೇಳಬೇಡಿ, ಮೂವತ್ತು ವರ್ಷದಿಂದ ಇದೇ ಮಾಡುತ್ತಿದ್ದೇನೆ, ಬೇಡವಾದರೆ ಒಡೆದು ಒಲೆಗೆ ಹಾಕುತ್ತೇನೆ ಎಂದು ಕೂಗಾಡಿದೆ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಭಾವ ಎದ್ದು ಮೊಣಕಾಲು ಝಾಡಿಸಿಕೊಂಡರು. ಚೆನ್ನಾಗಿದೆ ಎಂದರು. ನಾನು ಅರ್ಧ ಗಂಟೆ ಓಡಿಸಿ ತೋರಿಸಿದೆ, ಒಂದು ಚೂರೂ ಸದ್ದಿಲ್ಲ. ಅವರು ಗೋಡೆ ಗಡಿಯಾರ ನೋಡುತ್ತ ನಿಂತಿದ್ದರು.

ಗುರುವಾರ ಎರಡೂವರೆಗೇ ಹೋದೆವು. ಮಗಳು ಒಬ್ಬೊಬ್ಬರನ್ನೇ ಗಾಲಿಕುರ್ಚಿಯಲ್ಲಿ ತಂದು ಸಾಲು ಮಾಡಿದಳು. ಮೂವತ್ತಕ್ಕೂ ಹೆಚ್ಚು ಜನ. ಕೈ ಕಟ್ಟಿಸಿಕೊಂಡವರು, ಸೊಂಟಕ್ಕೆ ಪಟ್ಟಿ ಬಿಗಿದವರು. ಹಿಂದಿನ ಸಾಲಿನಲ್ಲಿ ಒಬ್ಬ ಲಾರಿ ಡ್ರೈವರ್, ಎರಡೂ ಕಾಲಿಗೆ ಪ್ಲಾಸ್ಟರ್, ಅವೆರಡನ್ನೂ ಮುಂದೆ ಹಲಗೆಯ ಮೇಲೆ ಚಾಚಿಕೊಂಡು ಫಿರಂಗಿಯಂತೆ ಕೂತಿದ್ದ. ಬಾಯಿಗೆ ಮಾತ್ರ ಪ್ಲಾಸ್ಟರ್ ಹಾಕಿರಲಿಲ್ಲ. ಏನು ಆಪರೇಟರ್ರೇ, ನಮ್ಮ ಕಾಲು ಕೂಡೋದ್ರೊಳಗೆ ಸಿನಿಮಾ ಮುಗಿಯುತ್ತಾ ಎಂದು ಕೇಳಿ ಎಲ್ಲರನ್ನೂ ನಗಿಸಿದ. ಮೇಲ್ವಿಚಾರಕಿ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು.

ಸರಿಯಾಗಿ ಮೂರಕ್ಕೆ ಭಾವ ಕಿಟಕಿಯ ಪರದೆ ಎಳೆದು ದೀಪ ಆರಿಸಿದರು. ಎರಡು ಗಂಟೆ ನಾಲ್ಕು ನಿಮಿಷದ ಸಿನಿಮಾ. ಮೊದಲ ಮಾತಿಗೇ ಜನ ಕಥೆಯೊಳಗೆ ಹೋದರು. ಟಿವಿಯ ಸದ್ದು ಮೆಲ್ಲಗಿದ್ದರೂ ಒಂದೊಂದು ಪಿಸುಮಾತೂ ಕೇಳಿಸುತ್ತಿತ್ತು. ನಾನು ಗೂಡಿನ ಪಕ್ಕ ಸ್ಟೂಲ್ ಹಾಕಿಕೊಂಡು ಮೇಲ್ವಿಚಾರಕಿಯ ಮುಖ ನೋಡುತ್ತಿದ್ದೆ. ನನ್ನ ಮೀಸೆ ತಾನಾಗಿ ಮೇಲೇರಿತ್ತು.

ಮುಕ್ಕಾಲು ಗಂಟೆ ಆಗಿರಬೇಕು. ಹಿಂದೆ ಗೋಡೆಗೊರಗಿ ನಿಂತಿದ್ದ ಭಾವ ಬಂದು ಗೂಡಿನ ನೆತ್ತಿಯ ಮೇಲೆ ಅಂಗೈ ಇಟ್ಟರು. ತೆಗೆಯಲಿಲ್ಲ. ಜ್ವರ ನೋಡುವಂತೆ ಹಾಗೇ ನಿಂತರು. ಬಾಗಿಲು ತೆಗಿ ಎಂದು ನನ್ನ ಕಿವಿಯಲ್ಲಿ ಹೇಳಿದರು. ತೆಗೆದರೆ ಸದ್ದು ಬರುತ್ತೆ, ಆ ಹೆಂಗಸು ಇಲ್ಲೇ ಕೂತಿದ್ದಾಳೆ ಎಂದು ನಾನು ಹಲ್ಲು ಕಚ್ಚಿ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದರು. ಮತ್ತೆ ಬೇಡ ಅಂದೆ. ಬಾಗಿಲಿಗೆ ನನ್ನ ಮೊಣಕಾಲು ಅಡ್ಡ ಇಟ್ಟುಕೊಂಡೆ. ರೆಕ್ಸಿನ್ ಕಾದ ವಾಸನೆ ನನಗೂ ಬರತೊಡಗಿತ್ತು. ಹೊಸ ರೆಕ್ಸಿನ್ ಯಾವಾಗಲೂ ಹಾಗೇ ನಾರುತ್ತದೆ ಎಂದುಕೊಂಡೆ.

ನಾಲ್ಕಕ್ಕೆ ಎರಡು ನಿಮಿಷ ಇದ್ದಾಗ ಪರದೆಯ ನಡುವೆ, ಸಿನಿಮಾದ ತಾಯಿ ಬಾಗಿಲು ತೆರೆದು ಯಾರನ್ನೋ ನೋಡಿದ ಗಳಿಗೆಗೆ ಸರಿಯಾಗಿ, ಇಂಗ್ಲಿಷ್ ಅಕ್ಷರಗಳ ಒಂದು ಪಟ್ಟಿ ಬಂತು. ಯಂತ್ರ ಮಿತಿ ಮೀರಿ ಬಿಸಿಯಾಗಿದೆ ಅಂತ ಅದರ ಅರ್ಥವೆಂದು ಆಮೇಲೆ ಮಗಳು ಹೇಳಿದಳು. ನಾನು ಪಟ್ಟಿಯನ್ನು ನೋಡುವಷ್ಟರಲ್ಲಿ ಟಿವಿ ಕಪ್ಪಾಯಿತು. ಗೂಡಿನೊಳಗೆ ಟಕ್ ಎಂದು ಒಂದು ಸದ್ದು. ಅಷ್ಟೇ.

ಕತ್ತಲೆಯಲ್ಲಿ ಮೊದಲು ಕೇಳಿದ್ದು ಲಾರಿ ಡ್ರೈವರನ ದನಿ.

"ಎದ್ದು ಹೋಗೋಕಾಗದ ಜನ ಸಿಕ್ಕಿದ್ದಾರೆ ಅಂತ ಯಾರ ಕೈಗೋ ಕೊಟ್ಟುಬಿಟ್ರಾ ಮೇಡಂ?"

ಯಾರ ಕೈಗೋ ಅಂದ. ನನಗೆ ಟಿಕೆಟ್ ಸಾಲು ಕಂಡಿತು, ಮಾಲೀಕ ಕಂಡ. ನಾನು ಎದ್ದದ್ದು ನನಗೆ ಗೊತ್ತಿಲ್ಲ, ಕೂತಿದ್ದ ಸ್ಟೂಲ್ ಕೈಗೆ ಬಂದದ್ದೂ ಗೊತ್ತಿಲ್ಲ. ಎರಡು ಸಾಲು ದಾಟಿ ಆಗಿತ್ತು. ಅಷ್ಟರಲ್ಲಿ ಮಗಳು ದೀಪ ಹಾಕಿದಳು. ಎರಡೂ ಕಾಲು ಮುರಿದ ಮನುಷ್ಯನ ಮುಂದೆ ನಾನು ಸ್ಟೂಲ್ ಎತ್ತಿ ನಿಂತಿದ್ದೆ. ಅವನು ಮೊಣಕೈ ಅಡ್ಡ ಹಿಡಿದುಕೊಂಡಿದ್ದ. ಎಲ್ಲರೂ ನೋಡಿದರು. ಮೇಲ್ವಿಚಾರಕಿ ಎದ್ದು ನಿಂತಿದ್ದಳು.

ಹಿಂದಿನಿಂದ ಒಂದು ಕೈ ನನ್ನ ಮುಂಗೈ ಹಿಡಿಯಿತು. ಇಪ್ಪತ್ತು ಕಿಲೋ ತೂಕದ ರೀಲು ಪೆಟ್ಟಿಗೆಗಳನ್ನು ವರ್ಷಗಟ್ಟಲೆ ಎತ್ತಿದ ಕೈ, ಇಕ್ಕಳ ಹಾಕಿದಂತಿತ್ತು.

"ಸ್ಟೂಲ್ ಇಡು," ಭಾವ ಅಂದರು. ದನಿ ಏರಿಸಲಿಲ್ಲ. "ಕಟ್ಟರ್ ಇದೆಯಲ್ಲ ನಿನ್ನ ಜೇಬಲ್ಲಿ. ಹೋಗಿ ಗೂಡಿನ ಹಿಂಬದಿ ಪೂರ್ತಿ ಕೊಯ್ದುಹಾಕು. ಒಂದು ಮಾತಾಡ್ಬೇಡ."

ನನಗೆ ಹಾಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ, ನನ್ನ ಅಪ್ಪನನ್ನೂ ಸೇರಿಸಿ. ಸ್ಟೂಲ್ ಇಟ್ಟೆ.

ಭಾವ ನೇರ ಟಿವಿಯ ಮುಂದೆ ಹೋದರು. ಅಷ್ಟು ವರ್ಷ ಜನರ ಬೆನ್ನು ನೋಡಿದವರು, ಮುಖ ನೋಡಿದ್ದು ಅವತ್ತೇ. "ಯಂತ್ರ ಕಾದಿದೆ. ತಪ್ಪು ನಮ್ಮದು. ನಾಲ್ಕು ಇಪ್ಪತ್ತಕ್ಕೆ ಮತ್ತೆ ಶುರು ಮಾಡ್ತೀನಿ. ಅಲ್ಲೀತನಕ ಇಂಟರ್ವಲ್."

ಮೇಲ್ವಿಚಾರಕಿ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ಸಾಲಿನ ಟೀಚರಮ್ಮ, ಸೊಂಟದ ಆಪರೇಷನ್ ಆದವರು, ನಿಂತಿದ್ದು ಒಳ್ಳೆಯದೇ ಆಯಿತು, ಒಂದು ಗಂಟೆಯಿಂದ ಮಗ್ಗುಲು ಬದಲಾಯಿಸಬೇಕೆಂದು ಒದ್ದಾಡುತ್ತಿದ್ದೆ ಅಂದರು. ಅವರ ಹಿಂದೆ ಇನ್ನಿಬ್ಬರು ಬಾತ್‌ರೂಮಿಗೆ ಹೋಗಬೇಕೆಂದು ಕೈ ಎತ್ತಿದರು. ಮಗಳು ಗಾಲಿಕುರ್ಚಿ ತಿರುಗಿಸಲು ಓಡಿದಳು. ಮೇಲ್ವಿಚಾರಕಿ ವಾಪಸ್ ಕುರ್ಚಿಗೆ ಹೋಗಿ ಗಡಿಯಾರ ನೋಡಿದಳು.

ನಾನು ನೆಲದ ಮೇಲೆ ಕೂತು ನನ್ನ ಗೂಡು ಕೊಯ್ದೆ. ಎಲ್ಲರ ಕಣ್ಣು ನನ್ನ ಬೆನ್ನ ಮೇಲಿತ್ತು. ಹಿತ್ತಾಳೆ ಮೊಳೆ ಕಿತ್ತೆ, ರೆಕ್ಸಿನ್ ಸೀಳಿದೆ, ಫೋಮ್ ಹಿಡಿ ಹಿಡಿಯಾಗಿ ಎಳೆದು ಹಾಕಿದೆ, ಕೊನೆಗೆ ಹಲಗೆಯನ್ನು ಮೊಣಕಾಲು ಕೊಟ್ಟು ಮುರಿದೆ. ಒಳಗಿನಿಂದ ಒಲೆಯ ಬಾಯಿಯಂಥ ಝಳ ಮುಖಕ್ಕೆ ಬಡಿಯಿತು. ಕನ್ಸೋಲನ್ನು ಮುಟ್ಟಿದರೆ ಬೆರಳು ಚುರ್ ಅಂದಿತು.

ನಾಲ್ಕು ಎಂಟಕ್ಕೆ ಹಾಕೋಣವಾ ಎಂದು ಕೇಳಿದೆ. ಭಾವ ಅದರ ಮೇಲೆ ಅಂಗೈ ಇಟ್ಟು ಇನ್ನೂ ಇಲ್ಲ ಎಂದರು. ನಾಲ್ಕು ಹನ್ನೊಂದಾಯಿತು. ಬಾತ್‌ರೂಮಿಗೆ ಹೋದವರು ವಾಪಸ್ ಬಂದು ಕೂತು ಕಪ್ಪು ಟಿವಿ ನೋಡತೊಡಗಿದರು. ಹದಿಮೂರಕ್ಕೆ ಮೇಲ್ವಿಚಾರಕಿ ನಮ್ಮ ನೆತ್ತಿಯ ಮೇಲೆ ನಿಂತು, ಉಳಿದದ್ದು ಒಂದು ಗಂಟೆ ಆರು ನಿಮಿಷ, ಇನ್ನು ತಡವಾದರೆ ಮಾತ್ರೆಯ ಹೊತ್ತು ಮೀರುತ್ತದೆ, ಈಗಲೇ ಹಾಕಿ ಇಲ್ಲವೇ ಎಲ್ಲರನ್ನೂ ಮಲಗಿಸುತ್ತೇನೆ ಎಂದಳು. ನನ್ನ ಕೈ ಸ್ವಿಚ್ಚಿನ ಮೇಲೇ ಹೋಗಿತ್ತು. ಭಾವ ನನ್ನ ಕೈ ಸರಿಸಿದರು.

"ಈಗ ಹಾಕಿದ್ರೆ ಅರ್ಧ ಗಂಟೆಗೆ ಮತ್ತೆ ನಿಲ್ಲುತ್ತೆ ಮೇಡಂ. ಆಮೇಲೆ ನನ್ನ ಹತ್ರ ಟೈಮಿರಲ್ಲ. ನಾಲ್ಕು ಇಪ್ಪತ್ತಕ್ಕೆ ಅಂದಿದ್ದೀನಿ, ಇಪ್ಪತ್ತಕ್ಕೇ."

ಆ ಏಳು ನಿಮಿಷ ನಾನು ಬದುಕಿನಲ್ಲಿ ಮತ್ತೆ ಕಳೆಯಲಾರೆ. ಹದಿನೇಳಕ್ಕೆ ಅವರು ಯಂತ್ರ ಏಳಿಸಿದರು. ಕರೆಂಟು ಹೋದಂತೆ ಆರಿದ್ದರಿಂದ ಅದಕ್ಕೆ ತಾನೆಲ್ಲಿ ನಿಂತಿದ್ದೆ ಎಂಬುದು ಮರೆತುಹೋಗಿತ್ತು, ಮೊದಲಿನಿಂದ ಶುರು ಮಾಡಲೇ ಎಂದು ಕೇಳಿತು. ಭಾವ ನೋಟ್‌ಬುಕ್ ತೆರೆಯಲೂ ಇಲ್ಲ. ಐವತ್ತೇಳನೇ ನಿಮಿಷಕ್ಕೆ ಓಡಿಸಿ ನಿಲ್ಲಿಸಿದರು. ತಾಯಿ ಬಾಗಿಲ ಕಡೆ ನಡೆಯಲು ಶುರು ಮಾಡುವ ಜಾಗ ಅದು. ಕಪ್ಪಾದ ಜಾಗ ಇದಲ್ಲವಲ್ಲ ಎಂದೆ. ಜನ ಸರಿಯಾಗಿ ಕೂತುಕೊಳ್ಳಲು ಅಷ್ಟು ಹೊತ್ತು ಬೇಕು ಅಂದರು. ಗಡಿಯಾರದ ಮುಳ್ಳು ನೋಡಿ, ಇಪ್ಪತ್ತಕ್ಕೆ ದೀಪ ಆರಿಸಿದರು.

ಸದ್ದು ಬಂತು. ಗಿರಣಿಯಷ್ಟಲ್ಲ, ಮುಕ್ಕಾಲು ಭಾಗ ಗೂಡು ನುಂಗಿತ್ತು, ಆದರೂ ಬಂತು. ನಾನು ಬರೀ ಅದನ್ನೇ ಕೇಳುತ್ತ ಕೂತೆ. ಭಾವ ಗೂಡಿನ ಹಿಂದೆ ನಿಂತು ರಟ್ಟಿನ ತುಂಡಿನಿಂದ ಬಿಸಿಗಾಳಿಯನ್ನು ಆಚೆ ತಳ್ಳುತ್ತಿದ್ದರು, ಒಂದು ಗಂಟೆಗೂ ಹೆಚ್ಚು ಹೊತ್ತು, ಕೈ ಬದಲಿಸಿ ಬದಲಿಸಿ. ಬೆನ್ನಿನ ಅಂಗಿ ತೊಯ್ದು ಅಂಟಿಕೊಂಡಿತ್ತು. ಕೊನೆಯ ಅಕ್ಷರಗಳು ಮೇಲೆ ಹೋದಾಗ ಐದು ಇಪ್ಪತ್ತೇಳು. ಲಾರಿ ಡ್ರೈವರ್ ಕಣ್ಣೊರೆಸಿಕೊಳ್ಳುತ್ತಿದ್ದ, ನಾನು ನೋಡಿದೆ ಎಂದು ಗೊತ್ತಾಗಿ ಕೆಮ್ಮಿದ.

ಮಾತ್ರೆಯ ಗಾಡಿ ಬಂದ ಮೇಲೆ ಮೇಲ್ವಿಚಾರಕಿ ನಮ್ಮನ್ನು ಕರೆದಳು. ಸದ್ದು ಇತ್ತು ಎಂದಳು. ಭಾವ ಇತ್ತು ಎಂದರು. ಅವಳು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದಳು.

"ಸದ್ಯಕ್ಕೆ ಬುಧವಾರ, ಶನಿವಾರ. ನಡುವೆ ಆ ಇಂಟರ್ವಲ್ ಇರಲಿ, ನಮ್ಮವರಿಗೆ ಅದು ಬೇಕು. ಸದ್ದು ಇನ್ನೂ ಇಳಿಸಿದ್ರೆ ಉಳಿದ ದಿನಗಳ ಮಾತು. ಆದ್ರೆ ಇವರು," ನನ್ನ ಕಡೆ ನೋಡದೆ ಬೆರಳು ತೋರಿಸಿದಳು, "ಈ ಬಾಗಿಲ ಒಳಗೆ ಬರಬಾರದು."

ನಾನು ಭಾವನ ಕಡೆ ನೋಡಿದೆ. ಸಿಟ್ಟು ಸ್ವಲ್ಪ ಜಾಸ್ತಿ, ಮನಸ್ಸು ಒಳ್ಳೆಯದು, ನಮ್ಮ ಭಾಮೈದ ಅಂತ ಏನಾದರೂ ಹೇಳುತ್ತಾರೆ ಎಂದುಕೊಂಡೆ.

"ಸರಿ ಮೇಡಂ," ಅಂದರು.

ದಾರಿಯುದ್ದಕ್ಕೂ ಮುರಿದ ಗೂಡು ನನ್ನ ಹೆಗಲ ಮೇಲಿತ್ತು, ಕನ್ಸೋಲ್ ಅವರ ಕಂಕುಳಲ್ಲಿತ್ತು. ಮನೆ ಹತ್ತಿರ ಬಂದಾಗ ತಡೆಯಲಾರದೆ ಕೇಳಿದೆ, ಹೀಗಾಗುತ್ತದೆ ಎಂದು ನಿನ್ನೆಯೇ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು.

"ಹೇಳಿದೆ. ನೀನು ಕೂಗಿದೆ, ನಾನು ಹೆದರಿದೆ," ಅಂದರು. "ಟಾಕೀಸಲ್ಲೂ ಹಾಗೇ ಆಯ್ತು. ಅವತ್ತು ನಿನ್ನ ಕೈ ಹಿಡಿದಿದ್ರೆ ಆಗ್ತಿತ್ತು. ಹಿಡೀಲಿಲ್ಲ."

ಆರು ವರ್ಷದ ಮೇಲೆ ಬಂದ ಮಾತು. ಗೂಡನ್ನು ಮತ್ತೊಂದು ಹೆಗಲಿಗೆ ಹಾಕಿಕೊಂಡೆ.

ಹೊಸ ಗೂಡನ್ನು ಅವರು ಹೇಳಿದ ಅಳತೆಗೇ ಮಾಡಿದೆ. ಗಾಳಿ ನೇರ ಹೋಗದೆ ಎರಡು ಸಲ ತಿರುಗಿ ಹೋಗುವ ಹಾಗೆ ಹಲಗೆ ನಿಲ್ಲಿಸಬೇಕು, ಆಗ ಬಿಸಿ ಹೊರಗೆ ಹೋಗುತ್ತದೆ, ಸದ್ದು ಒಳಗೇ ಸುತ್ತುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಟ್ಟಿದ್ದರು. ಬುಧವಾರ ಮಗಳೇ ಅದನ್ನು ಒಯ್ದಳು. ಮೂರು ಗಂಟೆಗೆ ನಾನು ಅಂಗಡಿಯಲ್ಲಿ ಒಂದು ಸೋಫಾದ ಕಾಲು ಬಿಚ್ಚುತ್ತಿದ್ದೆ. ನಾಲ್ಕಕ್ಕೆ ಎರಡು ನಿಮಿಷ ಇದ್ದಾಗ ಕೈ ನಿಂತಿತು. ಆಮೇಲೆ ಸೋಫಾದ ಕೆಲಸ ಮುಂದೆ ಹೋಗಲಿಲ್ಲ. ಐದೂವರೆ ದಾಟಿದ ಮೇಲೆ ಮಗಳ ಫೋನ್ ಬಂತು.

"ಅಪ್ಪ, ಮಾವ ಹೇಳಿದ್ರು. ಎಡಗಡೆ ಹಲಗೆ ಅರ್ಧ ಇಂಚು ಒಳಗೆ ಬರಬೇಕಂತೆ. ಶನಿವಾರದೊಳಗೆ ಆಗಬೇಕಂತೆ."

ಸಿನಿಮಾ ಮುಗಿಯಿತಾ ಎಂದು ಕೇಳಿದೆ.

"ಮುಗೀತು. ಡ್ರೈವರಣ್ಣ ಇನ್ನೊಂದು ಹಾಕಿ ಅಂತ ಜಗಳಕ್ಕೆ ನಿಂತಿದ್ದಾನೆ."

ಶನಿವಾರದ ತನಕ ಯಾಕೆ, ಗೂಡನ್ನು ಈಗಲೇ ತಂದುಕೊಡು ಎಂದೆ.